ನಮ್ಮ ಅಪ್ಪ, ನಿಮ್ಮ ಸೆಕ್ರೆಟ್ರಿ

(ಸಂಘದ ಬೆಳ್ಳಿಹಬ್ಬ ಸಮಾರಂಭದಲ್ಲಿ, ಸಂಘದ ಮೊದಲ ಕಾರ್ಯದರ್ಶಿಗಳ ಮಕ್ಕಳು ಮಾಡಿದ ಭಾಷಣದ ಬರಹರೂಪ)



ನಮ್ಮ ತಂದೆಯವರ ಬಗ್ಗೆ ನಾಲ್ಕು ಮಾತು ಆಡಬೇಕು ಎಂದು ಬೆಳ್ಳಿಹಬ್ಬ ಸಮಿತಿಯವರು ಮನೆಗೆ ಬಂದು ಕೇಳಿದಾಗ ನಾವು ಮೂವರೂ ಮೊದಲು ಹಿಂಜರಿದೆವು. ಮಕ್ಕಳು ಅಪ್ಪನನ್ನು ಹೊಗಳಿದರೆ ಅದಕ್ಕೇನು ಬೆಲೆ? ಇನ್ನು ಹೊಗಳಿಕೆ ಕೇಳಿದರೆ ಅಪ್ಪನೇ ಎದ್ದು ಹೊರಗೆ ಹೋಗುತ್ತಿದ್ದರು ಎಂಬುದು ಇಲ್ಲಿ ಕೂತವರಿಗೆಲ್ಲ ಗೊತ್ತು. ಆದ್ದರಿಂದ ನಾವು ಅಕ್ಕ, ತಮ್ಮಂದಿರು ಎರಡು ರಾತ್ರಿ ಕೂತು, ಕಂಡದ್ದನ್ನು ಕಂಡ ಹಾಗೆ ಬರೆದು ತಂದಿದ್ದೇವೆ. ಅವರ ತಪ್ಪುಗಳೂ ಇದರಲ್ಲಿವೆ, ನಮ್ಮ ತಪ್ಪುಗಳೂ ಇವೆ. ಲೆಕ್ಕ ಅಂದಮೇಲೆ ಜಮಾ ಖರ್ಚು ಎರಡೂ ಇರಬೇಕು ಅನ್ನುವುದು ಅವರದೇ ಮಾತು.

2019ರ ಫೆಬ್ರವರಿಯ ಆ ಬೆಳಗಿನಿಂದಲೇ ಶುರು ಮಾಡುತ್ತೇವೆ. ರಾತ್ರಿ ಮೂರು ಗಂಟೆಗೆ ಅಪ್ಪ ಎದೆ ನೋವು ಅಂದರು. ಗಾಡಿ ಬರುವಷ್ಟರಲ್ಲಿ ಎಲ್ಲಾ ಮುಗಿದುಹೋಗಿತ್ತು. ವಯಸ್ಸು 58. ಮನೆ ತುಂಬ ಅಳು. ಐದೂವರೆ ಆಯಿತು. ಊರಿಗೆ ಸುದ್ದಿ ಪೂರ್ತಿ ಹಬ್ಬಿರಲಿಲ್ಲ. ಹಬ್ಬಿದ್ದವರೂ ಏನು ಮಾಡುವುದೆಂದು ತೋಚದೆ ಹಾಲಿನ ಪಾತ್ರೆ ಹಿಡಿದು ಡೈರಿ ಮುಂದೆ ನಿಂತಿದ್ದರು. ಬೀಗ ಹಾಕಿತ್ತು. ಬೀಗದ ಕೈ ಅಪ್ಪನ ಅಂಗಿ ಜೇಬಿನಲ್ಲಿತ್ತು. ಆಗ ನಮ್ಮಮ್ಮ ಅಳುತ್ತಿದ್ದವರು ಅಳು ನಿಲ್ಲಿಸಿ, ಆ ಬೀಗದ ಕೈ ತೆಗೆದು ನಮ್ಮ ಕೈಗೆ ಕೊಟ್ಟು ಹೇಳಿದರು: "ಹೋಗ್ರೋ, ಬಾಗಿಲು ತೆಗೀರಿ. ಇಪ್ಪತ್ತು ವರ್ಷದಲ್ಲಿ ಒಂದು ಹೊತ್ತು ತಪ್ಪಿಸಿದೋರಲ್ಲ. ಇವತ್ತು ಅವರ ಹೆಸರಲ್ಲಿ ಹಾಲು ಚೆಲ್ಲಬಾರದು."

ಆ ದಿನ ಹಾಲು ಅಳೆದವರು ಅಪ್ಪನ ಕೈಕೆಳಗೆ ಪರೀಕ್ಷಕನಾಗಿದ್ದ ಹುಡುಗ. ಅಳುತ್ತಲೇ ಅಳೆದ. ಪ್ರತಿಯೊಬ್ಬರ ಸ್ಯಾಂಪಲ್ ತೆಗೆದ, ಡಿಗ್ರಿ ನೋಡಿದ, ಬರೆದ. ಲಾರಿ ಹೊತ್ತಿಗೆ ಸರಿಯಾಗಿ ಕ್ಯಾನುಗಳು ರಸ್ತೆಗೆ ಹೋದವು. ಆಮೇಲೆ ಊರೆಲ್ಲ ನಮ್ಮ ಮನೆಗೆ ಬಂತು. "ಹಸುವಿಗೆ ಭಾನುವಾರ ಗೊತ್ತಿಲ್ಲ ಕಣ್ರೋ, ಹಬ್ಬಾನೂ ಗೊತ್ತಿಲ್ಲ" ಎಂದು ಅಪ್ಪ ಯಾವಾಗಲೂ ಹೇಳೋರು. ಸಾವೂ ಗೊತ್ತಿಲ್ಲ ಎಂಬುದನ್ನು ಆ ದಿನ ನಾವು ಕಲಿತೆವು.

ಇಲ್ಲಿ ಮುಂದೆ ಕೂತಿರುವ ಎಳೆಯರಿಗೆ ಸಂಘ ಹುಟ್ಟುವ ಮುಂಚಿನ ಕಾಲ ಗೊತ್ತಿರಲಾರದು. ನಮ್ಮದು ತೆಂಗು, ರಾಗಿಯ ಸೀಮೆ. ಕೊಬ್ಬರಿ ದುಡ್ಡು ವರ್ಷಕ್ಕೊಂದು ಸಲ, ಅದೂ ತಿಪಟೂರು ಮಾರುಕಟ್ಟೆಯ ರೇಟು ಹೇಗಿರುತ್ತೋ ಹಾಗೆ. ರಾಗಿ ಊಟಕ್ಕೆ. ಕೈಯಲ್ಲಿ ಕಾಸಾಡುವುದಕ್ಕೆ ಹಾಲೊಂದೇ ದಾರಿ. ಆ ಹಾಲನ್ನು ಸೈಕಲ್ ಮೇಲೆ ಬರುತ್ತಿದ್ದವರು ಕಣ್ಣಳತೆಯಲ್ಲಿ ತೆಗೆದುಕೊಂಡು ಹೋಗುತ್ತಿದ್ದರು. ಅಳತೆ ಅವರದು, ರೇಟು ಅವರದು, ದುಡ್ಡು ಕೊಡುವ ದಿನವೂ ಅವರದೇ. ಹೆಚ್ಚು ಹಾಲು ಇರುವ ತಿಂಗಳಲ್ಲಿ "ಇವತ್ತು ಬೇಡ" ಅಂದುಬಿಡೋರು. ಆ ದಿನ ಮನೆಯಲ್ಲಿ ಹೆಪ್ಪು ಹಾಕಬೇಕು, ಇಲ್ಲ ಕರುವಿಗೆ ಬಿಡಬೇಕು.

1974ರಲ್ಲಿ ವಿಶ್ವಬ್ಯಾಂಕಿನ ನೆರವಿನ ಯೋಜನೆಯಿಂದ ಕರ್ನಾಟಕ ಹೈನು ಅಭಿವೃದ್ಧಿ ನಿಗಮ ಶುರುವಾಗಿ, 1984ರಲ್ಲಿ ಅದೇ ಕರ್ನಾಟಕ ಹಾಲು ಮಹಾಮಂಡಳವಾಗಿ, ಸುತ್ತಲಿನ ಎಷ್ಟೋ ಹಳ್ಳಿಗಳಲ್ಲಿ ಡೈರಿ ಆಗಿದ್ದರೂ ನಮ್ಮೂರಿಗೆ ಬರುವುದಕ್ಕೆ 1998 ಆಗಬೇಕಾಯಿತು. ಕಾರಣ ಬೇರೆ ಏನಲ್ಲ, ನಮ್ಮೂರಿನ ಎರಡು ಪಾರ್ಟಿ. ಮೇಲಿನ ಬೀದಿಯವರು ಅಧ್ಯಕ್ಷರಾದರೆ ಕೆಳಗಿನ ಬೀದಿಯವರು ಷೇರು ಕಟ್ಟುವುದಿಲ್ಲ, ಅವರು ಆದರೆ ಇವರು ಕಟ್ಟುವುದಿಲ್ಲ. ಅಪ್ಪ ಆಗ ಪಿಯುಸಿ ಓದಿ ಮನೆಯಲ್ಲಿ ಬೇಸಾಯ ಮಾಡಿಕೊಂಡಿದ್ದವರು. ಎರಡೂ ಬೀದಿಯ ಜಗಲಿಗಳಿಗೆ ಮೂರು ತಿಂಗಳು ತಿರುಗಿದರು. "ಹಾಲಿಗೆ ಬೀದಿ ಇಲ್ಲ. ಕ್ಯಾನಿಗೆ ಬಿದ್ದಮೇಲೆ ಇದು ಯಾರ ಮನೇದು ಅಂತ ಹೇಳಿ ನೋಡೋಣ" ಅಂತ ಕೇಳೋರು. ಉತ್ತರ ಯಾರ ಹತ್ತಿರವೂ ಇರಲಿಲ್ಲ. ಕೊನೆಗೆ ಸಂಘ ನೋಂದಣಿ ಆಯಿತು, ಒಕ್ಕೂಟದ ತರಬೇತಿ ಮುಗಿಸಿ ಅಪ್ಪ ಕಾರ್ಯದರ್ಶಿ ಆದರು. ಮೊದಲ ದಿನ ಎರಡು ಕ್ಯಾನೂ ತುಂಬಿರಲಿಲ್ಲ. ಆ ಅರ್ಧ ತುಂಬಿದ ಕ್ಯಾನನ್ನು ಲಾರಿಗೆ ಏರಿಸುವಾಗ ಅಪ್ಪನ ಮುಖದಲ್ಲಿದ್ದ ಖುಷಿ, ನಮ್ಮಲ್ಲಿ ಹಿರಿಯವಳಿಗೆ ಇನ್ನೂ ನೆನಪಿದೆ.

ಮನೆಯಲ್ಲಿ ಅಪ್ಪ ಹೇಗಿದ್ದರು? ನಿಜ ಹೇಳಬೇಕೆಂದರೆ ಮನೆಯಲ್ಲಿ ಇದ್ದದ್ದೇ ಕಮ್ಮಿ. ಬೆಳಿಗ್ಗೆ ಐದಕ್ಕೆ ಹೋದರೆ ಒಂಬತ್ತಕ್ಕೆ ಬರೋರು. ಹೊಲಕ್ಕೆ ಹೋಗಿ ಬಂದು ಸಂಜೆ ನಾಲ್ಕೂವರೆಗೆ ಮತ್ತೆ ಡೈರಿ. ರಾತ್ರಿ ಲೆಕ್ಕದ ಪುಸ್ತಕ. ನಮ್ಮನ್ನು ಜಾತ್ರೆಗೆ ಕರೆದುಕೊಂಡು ಹೋಗಿದ್ದು ಒಂದೇ ಸಲ, ಅದೂ ಸಂಜೆ ಹಾಲಿನ ಹೊತ್ತಿಗೆ ಓಡಿ ಬಂದೆವು. ನಮ್ಮ ಅಕ್ಕನ ಧಾರೆಯ ದಿನ ಬೆಳಿಗ್ಗೆಯೂ ಹಾಲು ಅಳೆದೇ ಛತ್ರಕ್ಕೆ ಬಂದರು. ಅಮ್ಮ ಆ ದಿನ ಮಾತು ಬಿಟ್ಟಿದ್ದರು. ನಮಗೂ ಸಿಟ್ಟಿತ್ತು, ಸುಳ್ಳು ಹೇಳುವುದಿಲ್ಲ. ಸಂಘ ಕೊಡುವ ಸಂಬಳ ಎಷ್ಟು ಎಂದು ನಿಮಗೆ ಗೊತ್ತು. ಅದಕ್ಕಿಂತ ಹೆಚ್ಚು ಪೇಟೆಯ ಅಂಗಡಿಯಲ್ಲಿ ಲೆಕ್ಕ ಬರೆದರೂ ಸಿಗುತ್ತಿತ್ತು.

ಪರೀಕ್ಷೆಗೆ ತೆಗೆದ ಸ್ಯಾಂಪಲ್ ಹಾಲು ದಿನಕ್ಕೆ ಕೆಲವು ಲೀಟರ್ ಉಳಿಯುತ್ತದೆ. ಅದು ಸಂಘದ್ದು, ಮಾರಿ ಸಂಘಕ್ಕೆ ಜಮಾ ಮಾಡಬೇಕು. ಚಿಕ್ಕವರಾಗಿದ್ದಾಗ ನಮ್ಮ ಮನೆಯ ಹಸು ಬತ್ತಿದ ಕಾಲದಲ್ಲಿ ನಾವು ಕೇಳಿದ್ದೆವು: "ಅಪ್ಪಾ, ಅದರಲ್ಲಿ ಒಂದು ಲೋಟ ತರಬಾರದಾ?" ಅಪ್ಪ ಬೈಯಲಿಲ್ಲ. ಮಾರನೆಯ ದಿನ ಒಂದು ಲೀಟರ್ ತಂದರು, ಜೊತೆಗೆ ರಸೀದಿ ತಂದರು. ದುಡ್ಡು ಕೊಟ್ಟು ಕೊಂಡಿದ್ದರು. ಆ ರಸೀದಿಯನ್ನು ಅಮ್ಮ ದೇವರ ಗೂಡಿನಲ್ಲಿ ಇಟ್ಟರು. ನಮಗೆ ಆಮೇಲೆ ಯಾರೂ ಪಾಠ ಹೇಳಬೇಕಾಗಲಿಲ್ಲ.

ಇನ್ನು ಅವರ ತಪ್ಪು. ಕೆಳಗಿನ ಬೀದಿಯ ಒಬ್ಬ ಅಜ್ಜಿಗೆ ಇದ್ದದ್ದು ಒಂದೇ ಹಸು. ಒಂದು ಬೇಸಿಗೆಯಲ್ಲಿ ಅವರ ಹಾಲಿಗೆ ಡಿಗ್ರಿ ಬರಲಿಲ್ಲ. ಹಸುವಿನ ಹಾಲಿನಲ್ಲಿ ಕೊಬ್ಬು 3.5, ಕೊಬ್ಬಿಲ್ಲದ ಘನಾಂಶ 8.5 ಇರಬೇಕು ಎಂಬುದು ನಿಮಗೆಲ್ಲ ಬಾಯಿಪಾಠ. ಅಪ್ಪ ಸಾಲಿನಲ್ಲಿ ನಿಂತವರೆಲ್ಲರ ಮುಂದೆ "ಅಜ್ಜೀ, ನೀರು ಬಿದ್ದದೆ" ಅಂದು ಹಾಲು ವಾಪಸ್ ಕೊಟ್ಟರು. ಅಜ್ಜಿ ಹಸುವಿನ ಮೇಲೆ ಆಣೆ ಇಟ್ಟರು. ಅಪ್ಪ ನಂಬಲಿಲ್ಲ. ಮೂರು ದಿನ ಹೀಗೇ ಆಯಿತು. ನಾಲ್ಕನೆಯ ದಿನ ಅಜ್ಜಿ ಬರಲಿಲ್ಲ.

ಅಪ್ಪನಿಗೆ ಸಮಾಧಾನವಾಗದೆ ಅವರ ಕೊಟ್ಟಿಗೆಗೇ ಹೋಗಿ, ಎದುರಿಗೆ ಕರೆಸಿ, ಅಲ್ಲೇ ಪರೀಕ್ಷೆ ಮಾಡಿದರು. ಡಿಗ್ರಿ ಅಷ್ಟೇ ಬಂತು! ಒಕ್ಕೂಟದ ಪಶುವೈದ್ಯರನ್ನು ಕೇಳಿದಾಗ ಅವರು ವಿವರಿಸಿದರು: ಬರೀ ಒಣ ರಾಗಿ ಹುಲ್ಲು ತಿಂದು, ಹಸಿರು ಮೇವಿಲ್ಲದೆ, ಹಿಂಡಿ ಇಲ್ಲದೆ ಸೊರಗಿದ ಹಸುವಿನ ಹಾಲಿನಲ್ಲಿ ಘನಾಂಶ ತಾನಾಗಿಯೇ ಇಳಿಯುತ್ತದೆ, ನೀರು ಹಾಕಬೇಕಾಗಿಯೇ ಇಲ್ಲ. ಆ ರಾತ್ರಿ ಅಪ್ಪ ಊಟ ಮಾಡಲಿಲ್ಲ. ಮಾರನೆಯ ಬೆಳಿಗ್ಗೆ ಅದೇ ಸಾಲಿನ ಮುಂದೆ, ಅಜ್ಜಿಯನ್ನು ಕರೆಸಿ, "ತಪ್ಪು ನಂದು ಕಣಜ್ಜಿ. ಹಸು ಹಸಿದಿತ್ತು, ನಾನು ನಿನ್ನನ್ನ ಕಳ್ಳಿ ಅಂದೆ" ಎಂದು ಕೈಮುಗಿದರು. ಮುಂದಿನ ಸಭೆಯಲ್ಲಿ ಪಶು ಆಹಾರವನ್ನು ಬಟವಾಡೆಯಲ್ಲಿ ಹಿಡಿದುಕೊಳ್ಳುವ ಕರಾರಿನ ಮೇಲೆ ಮುಂಗಡವಾಗಿ ಕೊಡುವ ಠರಾವು ಆಯಿತು. ಇವತ್ತಿಗೂ ನಡೆಯುತ್ತಿರುವ ಆ ಪದ್ಧತಿ ಹುಟ್ಟಿದ್ದು ಅಪ್ಪನ ಜಾಣತನದಿಂದಲ್ಲ, ಅಪ್ಪನ ತಪ್ಪಿನಿಂದ. ಇದನ್ನು ಹೇಳಲೇಬೇಕು ಅನ್ನಿಸಿತು.

ಊರಿಗೆ ಅವರು ಗೆಳೆಯರಾಗಿದ್ದರು ಎಂದು ನೀವೇ ಹೇಳುತ್ತೀರಿ. 2003ರಲ್ಲಿ ಸಹಕಾರ ಸಂಘಗಳ ಸದಸ್ಯರಿಗೆ ಯಶಸ್ವಿನಿ ಯೋಜನೆ ಬಂದಾಗ ತಲೆಗೆ ವರ್ಷಕ್ಕೆ 60 ರೂಪಾಯಿ ಕಟ್ಟಬೇಕಿತ್ತು. "ಗಟ್ಟಿಮುಟ್ಟಾಗಿದೀವಿ, ಆಸ್ಪತ್ರೆಗೆ ಯಾಕೆ ಮುಂಗಡ ಕೊಡೋದು?" ಅಂತ ಎಷ್ಟೋ ಜನ ಬೈದು ಕಳಿಸಿದರು. ಅಪ್ಪ ಮತ್ತೆ ಹೋದರು. ಅದೇ ವರ್ಷ ಬೈದವರಲ್ಲೇ ಒಬ್ಬರಿಗೆ ಆಪರೇಷನ್ ಆಗಿ, ಹಸು ಮಾರದೆ, ಹೊಲ ಅಡ ಇಡದೆ ಮನೆಗೆ ಬಂದರು. ಆಮೇಲೆ ಅಪ್ಪ ಯಾರ ಮನೆಗೂ ಹೋಗಬೇಕಾಗಲಿಲ್ಲ, ಜನರೇ ಡೈರಿಗೆ ಬಂದು ಕಟ್ಟಿದರು. 2013ರಲ್ಲಿ ಕಾಲುಬಾಯಿ ಜ್ವರ ಬಂದಾಗ ಹಸು ಕಳೆದುಕೊಂಡವರ ಮನೆಗೆ ಅಪ್ಪ ಸಾವಿನ ಮನೆಗೆ ಹೋದ ಹಾಗೆಯೇ ಹೋಗಿ ಕೂತು ಬರುತ್ತಿದ್ದರು. ಅರ್ಜಿ ಬರೆಯುವುದು ಆಮೇಲಿನ ಮಾತು.

ಬಟವಾಡೆ ದಿನ ಅವರು ಇನ್ನೊಂದು ನಿಯಮ ಮಾಡಿದ್ದರು. ಹಾಲು ಹಾಕುವವಳು ಹೆಂಗಸು, ದುಡ್ಡು ಎಣಿಸಿಕೊಳ್ಳುವವನು ಗಂಡಸು ಆಗಬಾರದು ಎಂದು, "ಯಾರ ಕೈ ಹಾಲು ತಂದಿತೋ ಆ ಕೈಗೇ ದುಡ್ಡು" ಅನ್ನುತ್ತಿದ್ದರು. ಕೆಲವು ಗಂಡಸರಿಗೆ ಇದರಿಂದ ಮುನಿಸಾಯಿತು. ಅವರ ಹೆಸರು ನಾವು ಹೇಳುವುದಿಲ್ಲ, ಅವರೂ ಇಲ್ಲೇ ಕೂತು ನಗುತ್ತಿದ್ದಾರೆ.

ಅಪ್ಪನಿಗೆ ಗುರು ಯಾರು? ಒಂದು ಸಲ ಒಕ್ಕೂಟದ ಅಧ್ಯಯನ ಪ್ರವಾಸದಲ್ಲಿ ಗುಜರಾತಿನ ಆನಂದ್‌ಗೆ ಹೋಗಿಬಂದರು. ಅಲ್ಲಿಂದ ಬಂದಮೇಲೆ ತಿಂಗಳುಗಟ್ಟಲೆ ಅದೇ ಕಥೆ. ದಲ್ಲಾಳಿಗಳ ಕಾಟಕ್ಕೆ ಬೇಸತ್ತ ಖೇಡಾ ಜಿಲ್ಲೆಯ ರೈತರು 1946ರ ಜನವರಿ 4ರಂದು ಸಮರ್ಖಾ ಎಂಬ ಹಳ್ಳಿಯಲ್ಲಿ ಸೇರಿ, ಸರ್ದಾರ್ ಪಟೇಲರ ಸಲಹೆಯಂತೆ ತಮ್ಮದೇ ಸಂಘ ಮಾಡುವ ಪಣ ತೊಟ್ಟದ್ದು. ವ್ಯಾಪಾರಿಗಳಿಗೆ ಒಂದು ತೊಟ್ಟು ಹಾಲು ಕೊಡದೆ ಮುಷ್ಕರ ಹೂಡಿದ್ದು. ಅದೇ ವರ್ಷ ಡಿಸೆಂಬರ್ 14ಕ್ಕೆ ಒಕ್ಕೂಟ ನೋಂದಣಿ ಆದದ್ದು. ಸ್ವಾತಂತ್ರ್ಯ ಹೋರಾಟದಲ್ಲಿ ಜೈಲು ಕಂಡಿದ್ದ ತ್ರಿಭುವನದಾಸ್ ಪಟೇಲರು ಅದರ ಅಧ್ಯಕ್ಷರು. 1949ರ ಮೇ 13ರಂದು ಕೇರಳದ ಒಬ್ಬ ತರುಣ ಎಂಜಿನಿಯರ್ ಸರ್ಕಾರಿ ಕೆಲಸದ ಮೇಲೆ ಮನಸ್ಸಿಲ್ಲದೆ ಆ ಊರಿಗೆ ಬಂದಿಳಿದ. ಬಾಂಡಿನ ಅವಧಿ ಮುಗಿದರೆ ಸಾಕು, ಓಡಿಹೋಗೋಣ ಎಂದಿದ್ದವನನ್ನು ತ್ರಿಭುವನದಾಸರು ಒಂದೆರಡು ತಿಂಗಳು ಇರಪ್ಪ, ಯಂತ್ರ ಸರಿಮಾಡಿಕೊಡು ಎಂದು ನಿಲ್ಲಿಸಿಕೊಂಡರು. ನಿಂತವನು ಸಾಯುವತನಕ ಆನಂದ್ ಬಿಡಲಿಲ್ಲ. ಅವರೇ ಡಾಕ್ಟರ್ ವರ್ಗೀಸ್ ಕುರಿಯನ್.

ಅಪ್ಪನಿಗೆ ಹಿಡಿಸಿದ್ದು ಕುರಿಯನ್ನರಿಗೆ ಬಂದ ಪ್ರಶಸ್ತಿಗಳಲ್ಲ. ಅವರು ಕೊನೆಯವರೆಗೂ ತಮ್ಮನ್ನು ರೈತರ ನೌಕರ ಎಂದೇ ಕರೆದುಕೊಂಡದ್ದು, ರೈತರ ಮುಂದಾಳು ತ್ರಿಭುವನದಾಸರು ಅವರನ್ನು ನಂಬಿ ಕೆಲಸ ಬಿಟ್ಟುಕೊಟ್ಟದ್ದು. ತ್ರಿಭುವನದಾಸರು ಅಧ್ಯಕ್ಷ ಸ್ಥಾನ ಬಿಟ್ಟಾಗ ಹಾಲು ಉತ್ಪಾದಕರು ಸೇರಿಸಿಕೊಟ್ಟ ನಿಧಿಯನ್ನು ಅವರು ಹಳ್ಳಿಯ ತಾಯಿ ಮಕ್ಕಳ ಆರೋಗ್ಯಕ್ಕೆಂದು ಒಂದು ಪ್ರತಿಷ್ಠಾನಕ್ಕೆ ಹಾಕಿಬಿಟ್ಟರು. "ನೋಡ್ರೋ, ಒಬ್ಬ ನಂಬಿದ, ಇನ್ನೊಬ್ಬ ನಂಬಿಕೆ ಉಳಿಸಿಕೊಂಡ. ಸಹಕಾರ ಅಂದರೆ ಇಷ್ಟೇ" ಅನ್ನುತ್ತಿದ್ದರು. ಹಾಲು ಕ್ರಾಂತಿ ಮಾಡಿದ ಕುರಿಯನ್ನರು ತಾವು ಮಾತ್ರ ಹಾಲು ಕುಡಿಯುತ್ತಿರಲಿಲ್ಲವಂತೆ ಎಂದು ನಗೋರು. 1976ರ 'ಮಂಥನ್' ಸಿನಿಮಾದಲ್ಲಿ ನಮ್ಮ ಗಿರೀಶ್ ಕಾರ್ನಾಡರು ಡೈರಿ ಡಾಕ್ಟರಾಗಿ ನಟಿಸಿದ್ದಾರೆ, ಅದಕ್ಕೆ ಗುಜರಾತಿನ ಐದು ಲಕ್ಷ ಹಾಲು ಉತ್ಪಾದಕರು ತಲಾ ಎರಡು ರೂಪಾಯಿ ಹಾಕಿದ್ದಾರೆ ಎಂಬುದು ಅಪ್ಪನಿಗೆ ಬಲು ಹೆಮ್ಮೆ. 2012ರ ಸೆಪ್ಟೆಂಬರ್ 9ರಂದು ಕುರಿಯನ್ ತೀರಿಕೊಂಡ ಸುದ್ದಿ ಬಂದ ದಿನ ಯಾರೋ "ಇವತ್ತು ರಜಾ ಮಾಡೋಣವಾ?" ಅಂದರು. ಅಪ್ಪ "ಅವರಿಗೆ ಅದಕ್ಕಿಂತ ದೊಡ್ಡ ಅವಮಾನ ಇಲ್ಲ" ಅಂದು ಸಂಜೆ ಹಾಲು ಅಳೆದರು. ನಮ್ಮಮ್ಮ ಬೀಗದ ಕೈ ಕೊಟ್ಟಾಗ ಅವರ ಮನಸ್ಸಿನಲ್ಲಿ ಈ ಮಾತೇ ಇತ್ತೋ ಏನೋ.

ಸಂಘ ಮುರಿದೇಹೋಗುವ ಸ್ಥಿತಿ ಬಂದದ್ದು 2006ರ ಬೇಸಿಗೆಯಲ್ಲಿ. ಒಂದು ಖಾಸಗಿ ವ್ಯಾನು ಊರಿಗೆ ಬರತೊಡಗಿತು. ಲೀಟರಿಗೆ ಎರಡು ರೂಪಾಯಿ ಹೆಚ್ಚು, ಡಿಗ್ರಿ ಕೇಳುವುದಿಲ್ಲ, ಕೈಮೇಲೆ ದುಡ್ಡು. ತಿಂಗಳೊಳಗೆ ಅರ್ಧಕ್ಕರ್ಧ ಹಾಲು ವ್ಯಾನಿಗೆ ಹೋಯಿತು. ಡೈರಿಯಲ್ಲಿ ಕ್ಯಾನುಗಳು ಖಾಲಿ ಕೂತವು. ಅಪ್ಪ ಒಬ್ಬರಿಗೂ ಒಂದು ಮಾತು ಆಡಲಿಲ್ಲ. "ಎರಡು ರೂಪಾಯಿ ಬಡವನಿಗೆ ದೊಡ್ಡದೇ. ಹೋಗಲಿ. ನಮ್ಮ ಬಾಗಿಲು ಹೊತ್ತಿಗೆ ಸರಿಯಾಗಿ ತೆರೆದಿರಬೇಕು, ಅಷ್ಟೇ ನಮ್ಮ ಕೆಲಸ" ಅಂದರು. ಮಳೆ ಬಂತು, ಹಸಿರಾಯಿತು, ಎಲ್ಲಾ ಕಡೆ ಹಾಲು ಹೆಚ್ಚಿತು. ವ್ಯಾನಿನವರು ಮೊದಲು ರೇಟು ಇಳಿಸಿದರು, ಆಮೇಲೆ ದಿನ ಬಿಟ್ಟು ದಿನ ಬಂದರು, ಆಮೇಲೆ ಎರಡು ವಾರದ ಬಾಕಿ ಉಳಿಸಿ ಬರುವುದನ್ನೇ ನಿಲ್ಲಿಸಿದರು.

ಹೋದವರು ತಲೆ ತಗ್ಗಿಸಿ ವಾಪಸ್ ಬಂದರು. ಸರ್ವಸದಸ್ಯರ ಸಭೆಯಲ್ಲಿ ಗಲಾಟೆ. ಉಳಿದವರು "ಇವರಿಗೆ ಬೋನಸ್ ಕೊಡಬೇಡಿ, ಸದಸ್ಯತ್ವ ತೆಗೆಯಿರಿ" ಎಂದರು. ಅಪ್ಪ ಎದ್ದು ನಿಂತು, ಬೋನಸ್ ಹಾಲಿನ ಲೆಕ್ಕದ ಮೇಲೆ, ಸಂಘಕ್ಕೆ ಹಾಕಿದಷ್ಟಕ್ಕೆ ಬರುತ್ತೆ, ಹಾಕದ್ದಕ್ಕೆ ಬರುವುದಿಲ್ಲ, ನಿಯಮವೇ ಅವರಿಗೆ ಉತ್ತರ ಕೊಟ್ಟಿದೆ, ಅದರ ಮೇಲೆ ನಾವು ಬೇರೆ ಬರೆ ಹಾಕುವುದು ಬೇಡ ಅಂದರು. "ಮನೆ ಬಿಟ್ಟು ಹೋದ ಹಸು ಸಂಜೆ ವಾಪಸ್ ಬಂದರೆ ಕಟ್ಟಿಹಾಕ್ತೀವೋ, ಹೊರಗೆ ಅಟ್ತೀವೋ?" ಸಭೆ ನಕ್ಕಿತು, ಜಗಳ ಅಲ್ಲಿಗೆ ಮುಗಿಯಿತು.

ಈಗ ನಮ್ಮ ತಪ್ಪಿನ ವಿಚಾರ. ಅಪ್ಪ ತೀರಿಕೊಂಡು ಹದಿನೈದು ದಿನವಾಗಿತ್ತು. ನಿರ್ದೇಶಕರು ಮನೆಗೆ ಬಂದು "ಅವರ ಜಾಗಕ್ಕೆ ಅವರ ಮಗನೇ ಬರಲಿ" ಎಂದರು. ಪ್ರೀತಿಯಿಂದಲೇ ಹೇಳಿದರು. ನಮ್ಮಲ್ಲಿ ಕಿರಿಯವನಿಗೆ ಆಗ ಕೆಲಸವಿರಲಿಲ್ಲ. ಆಸೆಯಾಯಿತು. ಅಪ್ಪನ ಸೇವೆಗೆ ಇಷ್ಟಾದರೂ ಸಿಗಬೇಕಲ್ಲವೇ ಎಂದು ನಾವು ಮೂವರೂ ಮಾತಾಡಿಕೊಂಡೆವು. ಒಪ್ಪಿಗೆ ಹೇಳುವುದೊಂದು ಬಾಕಿ.

ಆ ರಾತ್ರಿ ಅಪ್ಪನ ಟ್ರಂಕಿನಲ್ಲಿ ಕಾಗದ ಪತ್ರ ಹುಡುಕುವಾಗ ಅವರ ಒಂದು ನೋಟ್‌ಬುಕ್ ಸಿಕ್ಕಿತು. ಅದರಲ್ಲಿ ಆ ಪರೀಕ್ಷಕ ಹುಡುಗನಿಗೆ ಏನೇನು ಕಲಿಸಿಯಾಯಿತು, ಏನು ಬಾಕಿ ಎಂದು ಪಟ್ಟಿ. ಲ್ಯಾಕ್ಟೋಮೀಟರ್, ಗರ್ಬರ್ ಪರೀಕ್ಷೆ, ಯಂತ್ರ ತೊಳೆಯುವುದು, ಬಟವಾಡೆ ಪಟ್ಟಿ, ನಗದು ಪುಸ್ತಕ, ಆಡಿಟ್ ತಯಾರಿ, ಎಲ್ಲದರ ಮುಂದೆ ಗುರುತು ಹಾಕಿತ್ತು. ಕೊನೆಯ ಸಾಲು: "ಸಭೆಯಲ್ಲಿ ಸಿಟ್ಟು ಮಾಡಿಕೊಳ್ಳದೆ ಮಾತಾಡುವುದು." ಅದರ ಮುಂದೆ ಗುರುತಿರಲಿಲ್ಲ. ಅಮ್ಮ ಕೇಳಿಸಿಕೊಂಡು ಇಷ್ಟೇ ಅಂದರು: "ಅವರು ಯಾರನ್ನ ತಯಾರು ಮಾಡಿದ್ರು ಅಂತ ಗೊತ್ತಾಯ್ತಲ್ಲ. ಸಂಘ ನಮ್ಮ ಮನೆ ತೋಟ ಅಲ್ಲ."

ನಮಗೆ ನಾಚಿಕೆಯಾಯಿತು. ಬೆಳಿಗ್ಗೆ ಹೋಗಿ ಬೇಡ ಎಂದು ಹೇಳಿ ಬಂದೆವು. ಆ ಹುಡುಗನೇ ಇವತ್ತು ನಿಮ್ಮ ಕಾರ್ಯದರ್ಶಿ. ಕಿರಿಯವನು ನಾಲ್ಕು ಹಸು ಕಟ್ಟಿ, ಎರಡು ಹೊತ್ತು ಅದೇ ಸಾಲಿನಲ್ಲಿ ನಿಂತು ಹಾಲು ಹಾಕುತ್ತಾನೆ. ಒಂದು ಸಲ ಅವನ ಹಾಲೂ ವಾಪಸ್ ಆಯಿತು. ಮನೆಗೆ ಬಂದು ನಗುತ್ತಾ ಹೇಳಿದ: "ಅಪ್ಪ ಇನ್ನೂ ಡೈರೀಲೇ ಇದಾರೆ."

ಅಪ್ಪ ಇಲ್ಲದ ಮೊದಲ ದೊಡ್ಡ ಪರೀಕ್ಷೆ 2020ರ ಮಾರ್ಚಿ ತಿಂಗಳು. ಲಾಕ್‌ಡೌನ್ ಆಗಿ ಹೋಟೆಲು ಮುಚ್ಚಿದವು, ಮದುವೆಗಳು ನಿಂತವು, ಪೇಟೆಯಲ್ಲಿ ಹಾಲು ಕೇಳುವವರಿಲ್ಲ. ಅಷ್ಟರಲ್ಲಾಗಲೇ ಮತ್ತೆ ಊರಿಗೆ ಬರತೊಡಗಿದ್ದ ಖಾಸಗಿಯವರು ಒಂದೇ ದಿನದಲ್ಲಿ ಮಾಯವಾದರು. ನಮ್ಮ ಸಂಘ ಒಂದು ಹೊತ್ತೂ ಮುಚ್ಚಲಿಲ್ಲ. ಸುಣ್ಣದಲ್ಲಿ ಗುಂಡು ಗುರುತು ಹಾಕಿ, ದೂರ ದೂರ ನಿಲ್ಲಿಸಿ ಹಾಲು ತೆಗೆದುಕೊಂಡರು. ಉಳಿದ ಹಾಲು ಪುಡಿಯಾಯಿತು. ಆ ಏಪ್ರಿಲಿನಲ್ಲಿ ಸರ್ಕಾರ ಹಾಲು ಕೊಂಡು ಪಟ್ಟಣಗಳ ಬಡವರಿಗೆ ಉಚಿತವಾಗಿ ಹಂಚಿತು. ನಮ್ಮೂರಿನಲ್ಲಿ ಕೂಲಿ ನಿಂತಿತ್ತು, ಸಂತೆ ನಿಂತಿತ್ತು, ಕೊಬ್ಬರಿ ಹೋಗುತ್ತಿರಲಿಲ್ಲ. ಬಟವಾಡೆ ಮಾತ್ರ ನಿಲ್ಲಲಿಲ್ಲ. ಲಾಭದಲ್ಲಿ ಕಾಲುಭಾಗ ಆಪದ್ಧನ ನಿಧಿಗೆ ಹಾಕುವಾಗ "ಎಲ್ಲಾ ಬೋನಸ್ ಹಂಚಿಬಿಡಿ" ಎಂದು ವರ್ಷವರ್ಷ ಕೂಗುತ್ತಿದ್ದವರು, ಆ ಎರಡು ತಿಂಗಳು ಅಪ್ಪನ ಹೆಸರು ಹೇಳಿದರು ಎಂದು ಕೇಳಿದ್ದೇವೆ.

ಬಂಧುಗಳೇ, ನಮ್ಮ ನಾಡಿನಲ್ಲಿ 1905ರಲ್ಲಿ ಗದಗಿನ ಪಕ್ಕದ ಕಣಗಿನಹಾಳದಲ್ಲಿ ಸಿದ್ಧನಗೌಡ ಸಣ್ಣರಾಮನಗೌಡ ಪಾಟೀಲರು ಮೊದಲ ಸಹಕಾರ ಸಂಘ ಕಟ್ಟಿದರು. ಅಂಥ ದೊಡ್ಡವರ ಸಾಲಿನಲ್ಲಿ ನಮ್ಮ ಅಪ್ಪನನ್ನು ನಿಲ್ಲಿಸುವ ಧೈರ್ಯ ನಮಗಿಲ್ಲ. ಆದರೆ ಅವರು ಹಚ್ಚಿದ ದೀಪಕ್ಕೆ ಪ್ರತಿ ಊರಿನಲ್ಲೂ ದಿನಾ ಎಣ್ಣೆ ಹಾಕುವವನೊಬ್ಬ ಬೇಕು. ನಮ್ಮೂರಿನಲ್ಲಿ ಆ ಕೆಲಸ ಅವರು ಮಾಡಿದರು.

ಅವರ ಹೆಸರಿನಲ್ಲಿ ಕಟ್ಟಡದ ಮುಂದೆ ಫೋಟೋ ಹಾಕಬೇಕೆಂದು ಸಮಿತಿ ತೀರ್ಮಾನಿಸಿದೆ. ನಮ್ಮದು ಒಂದೇ ಬೇಡಿಕೆ. ಫೋಟೋ ಹಾಕಿ, ಬೇಡ ಅನ್ನುವುದಿಲ್ಲ. ಜೊತೆಗೆ ಪ್ರತಿ ವರ್ಷ ಊರಿನ ಇಬ್ಬರು ಹುಡುಗ ಹುಡುಗಿಯರನ್ನು ಸಂಘಕ್ಕೆ ಕರೆದು ಹಾಲು ಪರೀಕ್ಷೆ, ಲೆಕ್ಕ ಬರೆಯುವುದು ಕಲಿಸಿ. ಅದಕ್ಕೆ ಬೇಕಾದ ಖರ್ಚಿಗೆ ಅಪ್ಪನ ಕೊನೆಯ ವರ್ಷದ ಸಂಬಳದಷ್ಟು ಹಣವನ್ನು ನಾವು ಮೂವರೂ ಸೇರಿ ಇವತ್ತು ಸಂಘಕ್ಕೆ ಕೊಡುತ್ತಿದ್ದೇವೆ. ರಸೀದಿ ಮಾತ್ರ ಕೊಡಬೇಕು. ಆ ನೋಟ್‌ಬುಕ್ಕನ್ನೂ ಸಂಘಕ್ಕೇ ಒಪ್ಪಿಸುತ್ತಿದ್ದೇವೆ. ಕೊನೆಯ ಸಾಲಿನ ಮುಂದೆ ಗುರುತು ಹಾಕಬೇಕೋ ಬೇಡವೋ ಎಂಬುದನ್ನು ಈಗಿನ ಕಾರ್ಯದರ್ಶಿಗಳ ಸಭೆ ನೋಡಿರುವ ನೀವೇ ತೀರ್ಮಾನಿಸಿ.

ಗಂಟೆ ನಾಲ್ಕು ಕಾಲಾಯಿತು. ಇನ್ನು ಮಾತಾಡಿದರೆ ಅಪ್ಪ ಬೈದಾರು. ಹಾಲು ಕರೆಯುವ ಹೊತ್ತು.

 ಜೈ ಸಹಕಾರ.